ತಪಾಸಣೆಯ ದಿನ ಎಲ್ಲರೂ ಒಳ್ಳೆಯವರೇ

ಬ್ಯಾಂಕಿನ ಶಾಖೆಯೊಳಗೆ ತಪಾಸಣಾಧಿಕಾರಿ ಕಾಲಿಟ್ಟ ಗಳಿಗೆಯಿಂದ ಅಲ್ಲಿರುವ ಎಲ್ಲರೂ ಒಳ್ಳೆಯವರಾಗುತ್ತಾರೆ. ಕೌಂಟರಿನ ಹಿಂದಿನ ಮುಖಗಳಲ್ಲಿ ನಗೆ ಮೂಡುತ್ತದೆ, ಪಿಂಚಣಿಗೆಂದು ಬಂದ ವೃದ್ಧರಿಗೆ ಕುರ್ಚಿ ಸಿಗುತ್ತದೆ, ಎಂದೋ ಬೀಗದ ಕೈ ಕಳೆದುಹೋಗಿದ್ದ ದೂರು ಪೆಟ್ಟಿಗೆ ತೆರೆದುಕೊಳ್ಳುತ್ತದೆ, ಚಲನ್ ತುಂಬುವ ಮೇಜಿನ ಮೇಲೆ ದಾರ ಕಟ್ಟಿದ ಹೊಸ ಪೆನ್ನು ಬರುತ್ತದೆ. ವೃತ್ತಿಜೀವನದ ಉತ್ತರಾರ್ಧವನ್ನೆಲ್ಲ ಒಂದು ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ, ಹೆಚ್ಚಾಗಿ ಮಧ್ಯ ಮತ್ತು ಉತ್ತರ ಕರ್ನಾಟಕದ ಶಾಖೆಗಳಲ್ಲಿ ಕಳೆದ ನನಗೆ ಈ ಬದಲಾವಣೆ ಅಚ್ಚರಿಯ ಸಂಗತಿಯಾಗಿ ಬಹಳ ಕಾಲ ಉಳಿಯಲಿಲ್ಲ. ಉಳಿದ ಪ್ರಶ್ನೆ ಬೇರೆ: ನಾನು ಹೊರಟುಹೋದ ಮೇಲೆ ಇದರಲ್ಲಿ ಎಷ್ಟು ಉಳಿಯುತ್ತದೆ, ಮತ್ತು ಅದನ್ನು ನಾನು ಇಲ್ಲಿ ಕುಳಿತಿರುವಾಗಲೇ ತಿಳಿದುಕೊಳ್ಳುವುದು ಹೇಗೆ?

ತಪಾಸಣೆಗಾಗಿ ಮಾಡಿಕೊಂಡ ಸಿದ್ಧತೆಯನ್ನೆಲ್ಲ ನಾಟಕವೆಂದು ಮೂಗು ಮುರಿಯುವ ಸಹೋದ್ಯೋಗಿಗಳನ್ನು ನಾನು ಕಂಡಿದ್ದೇನೆ. ಅವರ ಅಭಿಪ್ರಾಯಕ್ಕೆ ನನ್ನ ಸಮ್ಮತಿ ಇಲ್ಲ. ನೆಂಟರು ಬರುತ್ತಾರೆಂದು ಅಂಗಳ ಗುಡಿಸಿ ಹೊಸ ಚಾಪೆ ಹಾಸುವ ಮನೆಯವರು ಯಾರಿಗೂ ಮೋಸ ಮಾಡುತ್ತಿರುವುದಿಲ್ಲ. ದಿನವೂ ಹೊಸ ಚಾಪೆಯ ಮೇಲೆಯೇ ಕೂರುತ್ತೇವೆಂದು ಅವರು ಹೇಳುವುದೂ ಇಲ್ಲ, ನೆಂಟರು ಹಾಗೆ ನಂಬುವುದೂ ಇಲ್ಲ. ಗ್ರಾಹಕರನ್ನು ನಮಸ್ಕರಿಸಿ ಮಾತನಾಡಿಸಬೇಕೆಂದು ತರಬೇತಿಯಲ್ಲಿ ಹೇಳಿಸಿಕೊಂಡು ಬಂದ ಹೊಸ ಗುಮಾಸ್ತನ ನಮಸ್ಕಾರವೂ ಅಷ್ಟೇ. ಅದು ಹೃದಯದಿಂದ ಬಂತೋ ತರಬೇತಿ ಕೇಂದ್ರದಿಂದ ಬಂತೋ ಎಂದು ವಿಚಾರಿಸುವುದು ನನ್ನ ಕೆಲಸವಲ್ಲ, ಅದರಿಂದ ಗ್ರಾಹಕನಿಗೆ ಆಗುವ ನಷ್ಟವೂ ಇಲ್ಲ. ಬೇರೆ ರಾಜ್ಯದಿಂದ ವರ್ಗವಾಗಿ ಬಂದ ಯುವ ಅಧಿಕಾರಿಗಳು ಮೊದಲ ತಿಂಗಳು ಬಾಯಿಪಾಠ ಮಾಡಿದ ಮೂರು ನಾಲ್ಕು ಕನ್ನಡ ವಾಕ್ಯಗಳನ್ನು ಎಲ್ಲರಿಗೂ ಒಂದೇ ರಾಗದಲ್ಲಿ ಹೇಳುತ್ತಾರೆ. ಅದು ಒಪ್ಪಿಸುವಿಕೆಯೇ ಹೌದು. ಆದರೆ ಅವರಲ್ಲೊಬ್ಬರು, ಓದಲು ಬಾರದ ಹೆಂಗಸರಿಗೆ ಖಾತೆಯ ಬಾಕಿಯನ್ನು ಬಾಯಲ್ಲಿ ಹೇಳಬೇಕಾಗುತ್ತದೆಂದು ಮೊದಲಿಗೆ ಕನ್ನಡದ ಸಂಖ್ಯೆಗಳನ್ನೇ ಸಾವಿರದವರೆಗೆ ಕಲಿತಿದ್ದರು. ಬೇರೇನೂ ಬಾರದ ಕಾಲದಲ್ಲಿಯೂ ಅವರಿಗೆ ಸಂಖ್ಯೆಗಳು ಬರುತ್ತಿದ್ದವು, ಏಕೆಂದರೆ ಆ ಹೆಂಗಸರಿಗೆ ಬೇಕಾಗಿದ್ದುದು ಅದೇ.

ಹೀಗಾಗಿ ನಾನು ಇಟ್ಟುಕೊಂಡ ಅಳತೆ ಸರಳವಾದದ್ದು. ತೋರಿಕೆಯನ್ನು ನಂಬಿದವನಿಗೆ ಆ ನಂಬಿಕೆಯಿಂದಲೇ ಹಾನಿಯಾಗುವಂತಿದ್ದರೆ ಅದು ಸೋಗು. ಹಾನಿಯಾಗದಿದ್ದರೆ ಅದು ಶಿಷ್ಟಾಚಾರ, ಸಂಕೋಚ, ಅಭ್ಯಾಸ ಅಥವಾ ಬರಿಯ ಭಯ. ಈ ಅಳತೆಯಿಂದ ನೋಡಿದರೆ ದಾರ ಕಟ್ಟಿದ ಹೊಸ ಪೆನ್ನಿನ ಬಗ್ಗೆ ಬರೆಯಲು ಏನೂ ಇರುವುದಿಲ್ಲ, ಕೀಲಿಗಳ ರಿಜಿಸ್ಟರಿನ ಬಗ್ಗೆ ಬಹಳ ಇರುತ್ತದೆ.

ಸ್ಟ್ರಾಂಗ್ ರೂಮಿನ ನಗದು ಪೆಟ್ಟಿಗೆಗೆ ಎರಡು ಕೀಲಿಗಳಿರುತ್ತವೆ. ಒಂದು ಮ್ಯಾನೇಜರ್ ಅಥವಾ ಅವರು ನೇಮಿಸಿದ ಅಧಿಕಾರಿಯ ಬಳಿ, ಇನ್ನೊಂದು ಹೆಡ್ ಕ್ಯಾಷಿಯರ್ ಬಳಿ ಇರಬೇಕು; ಎರಡೂ ತಿರುಗದೆ ಬಾಗಿಲು ತೆರೆಯಬಾರದು. ಒಬ್ಬನ ಮೇಲೆ ನಂಬಿಕೆಯಿಲ್ಲವೆಂದು ಮಾಡಿದ ಏರ್ಪಾಡು ಇದಲ್ಲ. ಹಣ ಕಡಿಮೆ ಬಿದ್ದ ದಿನ ಒಬ್ಬನೇ ಒಬ್ಬನ ಮೇಲೆ ಅನುಮಾನ ಬರದಿರಲಿ ಎಂಬುದೂ ಇದರ ಉದ್ದೇಶಗಳಲ್ಲಿ ಒಂದು. ಆದರೆ ಚಿಕ್ಕ ಶಾಖೆಗಳಲ್ಲಿ ಮ್ಯಾನೇಜರ್ ಬೆಳಿಗ್ಗೆ ಸಾಲದ ವಸೂಲಿಗೆಂದು ಹಳ್ಳಿಗೆ ಹೋಗಬೇಕಾಗುತ್ತದೆ, ಕ್ಯಾಷಿಯರ್ ನಂಬಿಕಸ್ಥನೇ ಆಗಿರುತ್ತಾನೆ, ನಿಧಾನವಾಗಿ ಎರಡೂ ಕೀಲಿಗಳು ಒಂದೇ ಗೊಂಚಲಿಗೆ ಸೇರುತ್ತವೆ. ತಪಾಸಣೆಯ ದಿನ ಮಾತ್ರ ಇಬ್ಬರೂ ಅಕ್ಕಪಕ್ಕ ನಿಂತು ಶಾಸ್ತ್ರೋಕ್ತವಾಗಿ ಬಾಗಿಲು ತೆರೆಯುತ್ತಾರೆ. ನಗದನ್ನು ವ್ಯವಹಾರ ಆರಂಭವಾಗುವ ಮುನ್ನವೇ ಎಣಿಸಬೇಕಾದ್ದರಿಂದ ನಾವು ಶಾಖೆ ತೆರೆಯುವುದಕ್ಕೂ ಮೊದಲೇ ಬಾಗಿಲಲ್ಲಿ ನಿಂತಿರುತ್ತೇವೆ. ಆಗ ನಾನು ನೋಟಿನ ಕಟ್ಟುಗಳಿಗಿಂತ ಮೊದಲು ನೋಡುವುದು ಮ್ಯಾನೇಜರ್ ಅವರ ಕೈಯನ್ನು. ತನ್ನ ಕೀಲಿ ಯಾವ ಕಡೆಗೆ ತಿರುಗುತ್ತದೆ, ಹಳೆಯ ಬೀಗಕ್ಕೆ ಎಲ್ಲಿ ಸ್ವಲ್ಪ ಎತ್ತಿ ಒತ್ತಬೇಕು ಎಂಬುದು ದಿನವೂ ತೆರೆಯುವ ಕೈಗೆ ಗೊತ್ತಿರುತ್ತದೆ. ತಡಕಾಡುವ ಕೈಯ ಪಕ್ಕದಲ್ಲಿ ಕ್ಯಾಷಿಯರ್ ತಗ್ಗಿದ ದನಿಯಲ್ಲಿ "ಎಡಕ್ಕೆ ಸಾರ್" ಎಂದರೆ, ಆ ಶಾಖೆಯ ಕೀಲಿ ರಿಜಿಸ್ಟರಿನಲ್ಲಿರುವ ಸಹಿಗಳನ್ನು ನಾನು ಬೇರೆ ಕಣ್ಣಿನಿಂದ ಓದುತ್ತೇನೆ.

ಆ ರಿಜಿಸ್ಟರುಗಳೂ ತಮ್ಮದೇ ರೀತಿಯಲ್ಲಿ ಮಾತನಾಡುತ್ತವೆ. ದಿನದಿನವೂ ಬರೆದ ಪುಟದಲ್ಲಿ ಶಾಯಿ ಬದಲಾಗುತ್ತದೆ, ಅವಸರದ ದಿನ ಸಹಿ ಕುಗ್ಗುತ್ತದೆ, ಎಲ್ಲೋ ಒಂದು ಕಡೆ ಚಹಾದ ಕಲೆ ಇರುತ್ತದೆ, ತಪ್ಪಾದಲ್ಲಿ ಹೊಡೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಿರುತ್ತಾರೆ. ಒಂದೇ ಸಂಜೆ ಕುಳಿತು ಮೂರು ತಿಂಗಳ ಪುಟಗಳನ್ನು ತುಂಬಿದಾಗ ಎಲ್ಲವೂ ಅಂದವಾಗಿರುತ್ತದೆ. ಹಾಗೆ ತುಂಬುವಾಗ ಬಹಳ ಜನ ಎಡವುವುದು ಶನಿವಾರಗಳಲ್ಲಿ. 2015ರ ಸೆಪ್ಟೆಂಬರ್ 1ರಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕುಗಳಿಗೆ ರಜೆ. ಆದರೆ ಅವಸರದಲ್ಲಿ ಭಾನುವಾರಗಳನ್ನು ಮಾತ್ರ ಬಿಟ್ಟು ಬರೆಯುತ್ತಾ ಹೋದ ಕೈಗೆ ಅದು ನೆನಪಾಗುವುದಿಲ್ಲ, ಶಾಖೆ ಮುಚ್ಚಿದ್ದ ದಿನದಂದು ಇಬ್ಬರೂ ಕೀಲಿ ಪಡೆದು ಸ್ಟ್ರಾಂಗ್ ರೂಮ್ ತೆರೆದದ್ದಕ್ಕೆ ಸಹಿ ಬಿದ್ದಿರುತ್ತದೆ. ಕಂಪ್ಯೂಟರಿನ ದಾಖಲೆ ಇನ್ನೂ ನಿಷ್ಠುರವಾದದ್ದು. ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸಿ ಅನುಮೋದಿಸಬೇಕೆಂಬ ನಿಯಮವಿದ್ದರೂ, ಪಾಸ್‌ವರ್ಡನ್ನು ಪಕ್ಕದವನಿಗೆ ಹೇಳಿಟ್ಟು ಊಟಕ್ಕೆ ಹೋಗುವುದು ಅನೇಕ ಕಡೆ ಸೌಹಾರ್ದದ ಲಕ್ಷಣವೆಂದೇ ಎಣಿಕೆಯಾಗಿದೆ. ಹಾಜರಿ ಪುಸ್ತಕದಲ್ಲಿ ರಜೆಯಲ್ಲಿರುವ ಅಧಿಕಾರಿಯ ಹೆಸರಿನಲ್ಲಿ ಅದೇ ದಿನ ಮಧ್ಯಾಹ್ನ ಅನುಮೋದನೆಗಳು ನಡೆದಿದ್ದರೆ, ಹಾಜರಿ ಪುಸ್ತಕವನ್ನೂ ಕಂಪ್ಯೂಟರ್ ದಾಖಲೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟ ಕೂಡಲೇ ಅದು ತಿಳಿಯುತ್ತದೆ. ಇದರಲ್ಲಿ ಮುಕ್ಕಾಲು ಪಾಲು ಅಪರಾಧವಲ್ಲ, ಸೋಮಾರಿತನ. ಆದರೆ ಇಲ್ಲದ ಎಚ್ಚರವನ್ನು ಇದೆಯೆಂದು ತೋರಿಸುವ ಕಾಗದವನ್ನು ನಂಬಿ ಹಣ ಇಟ್ಟವರು ಹೊರಗೆ ಸಾಲಿನಲ್ಲಿ ನಿಂತಿರುತ್ತಾರೆ.

ಇವೆಲ್ಲ ತಪ್ಪನ್ನು ಹಿಡಿಯುವ ದಾರಿಗಳು. ಒಳ್ಳೆಯತನವನ್ನು ಕಾಣಲು ನಾನು ಬೇರೆ ಕಡತಗಳನ್ನು ತೆರೆಯುತ್ತೇನೆ, ಮುಖ್ಯವಾಗಿ ತೀರಿಕೊಂಡ ಗ್ರಾಹಕರ ಖಾತೆಗಳ ಇತ್ಯರ್ಥದ ಕಡತಗಳನ್ನು. ಇದನ್ನು ನಾನು ಕಿರಿಯ ತಪಾಸಣಾಧಿಕಾರಿಗಳಿಗೆ ಒತ್ತಿ ಹೇಳುತ್ತಿದ್ದೆ. ಶಾಖೆಗೆ ಇದರಿಂದ ಯಾವ ಲಾಭವೂ ಇಲ್ಲ. ಠೇವಣಿ ಹೊರಗೆ ಹೋಗುತ್ತದೆ, ಗ್ರಾಹಕ ಮತ್ತೆ ಬರುವುದಿಲ್ಲ, ಗುರಿ ತಲುಪಿದ ಲೆಕ್ಕದಲ್ಲಿ ಇದಕ್ಕೆ ಅಂಕವಿಲ್ಲ. ಕೇಳಲು ಬರುವವರು ಹೆಚ್ಚಾಗಿ ಗಂಡನ ಖಾತೆಯ ಪಾಸ್‌ಬುಕ್ಕನ್ನು ಮೊದಲ ಸಲ ಕೈಯಲ್ಲಿ ಹಿಡಿದ ಹೆಂಗಸರು. ರಿಸರ್ವ್ ಬ್ಯಾಂಕಿನ ಸೂಚನೆ ಸ್ಪಷ್ಟವಾಗಿದೆ: ಬೇಕಾದ ಕಾಗದಗಳು ಕೈಸೇರಿದ 15 ದಿನಗಳೊಳಗೆ ಹಣ ಕೊಡಬೇಕು, ಖಾತೆಗೆ ನಾಮನಿರ್ದೇಶನವಿದ್ದರೆ ಮೊತ್ತ ಎಷ್ಟೇ ಇರಲಿ ಉತ್ತರಾಧಿಕಾರ ಪ್ರಮಾಣಪತ್ರ, ಜಾಮೀನು ಮುಂತಾದವನ್ನು ಕೇಳಕೂಡದು. ನಾಮಿನಿಯ ಗುರುತು ಮತ್ತು ಮರಣ ಪ್ರಮಾಣಪತ್ರ ಖಚಿತವಾದರೆ, ಹಣ ಕೊಡಬಾರದೆಂಬ ನ್ಯಾಯಾಲಯದ ಆದೇಶ ಯಾವುದೂ ಇಲ್ಲದಿದ್ದರೆ, ಅಷ್ಟು ಸಾಕು.

ಆದರೂ ಕಡತ ತೆರೆದರೆ ಒಂದೊಂದು ಶಾಖೆಯದು ಒಂದೊಂದು ಕಥೆ. ಕೆಲವು ಕಡೆ ನಾಮಿನಿಯಾಗಿದ್ದ ಹೆಂಡತಿಯಿಂದಲೂ ನಾಡಕಚೇರಿಯ ವಂಶವೃಕ್ಷ ತರಿಸಿರುತ್ತಾರೆ, ಅದು ಬಂದ ಮೇಲೆ ಗಂಡುಮಕ್ಕಳೆಲ್ಲರ ಒಪ್ಪಿಗೆ ಪತ್ರ ಕೇಳಿರುತ್ತಾರೆ, ಬೆಂಗಳೂರಿನಲ್ಲಿ ದುಡಿಯುವ ಮಗ ಸಹಿ ಹಾಕಲು ಬಂದುಹೋಗುವ ಬಸ್ ಖರ್ಚೇ ಖಾತೆಯಲ್ಲಿದ್ದ ಹಣಕ್ಕೆ ಸಮೀಪವಾಗಿರುತ್ತದೆ. ಕಾರಣ ಕೇಳಿದರೆ "ಸೇಫ್ಟಿಗೆ ಸಾರ್" ಎನ್ನುತ್ತಾರೆ. ಯಾರ ಸುರಕ್ಷತೆ ಎಂಬುದನ್ನು ಅವರು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅದೇ ಶಾಖೆಯಲ್ಲಿ ಊರಿನ ದೊಡ್ಡ ವ್ಯಾಪಾರಿಯೊಬ್ಬರು ತೀರಿಕೊಂಡಾಗ ಮನೆಗೇ ಹೋಗಿ ಸಹಿ ಪಡೆದು ಒಂದು ವಾರದೊಳಗೆ ಮೊತ್ತವನ್ನು ಅವರ ಮಕ್ಕಳ ಹೆಸರಿಗೆ ಮತ್ತೆ ಠೇವಣಿಯಾಗಿಸಿದ ಕಡತ ಸಿಕ್ಕರೆ, ಎರಡನ್ನೂ ಮೇಜಿನ ಮೇಲೆ ಜೊತೆಯಾಗಿ ಇಡುತ್ತೇನೆ. ಗೋಡೆಯ ಮೇಲೆ ನಗುಮುಖದ ಚಿತ್ರದೊಂದಿಗೆ ತೂಗುಹಾಕಿದ ಗ್ರಾಹಕ ಸೇವೆಯ ಪ್ರತಿಜ್ಞೆಯನ್ನು ಓದಿ ಶಾಖೆಯ ಬಗ್ಗೆ ತಿಳಿಯುವುದಕ್ಕಿಂತ ಈ ಎರಡು ಕಡತಗಳ ತಾರೀಖುಗಳನ್ನು ಓದಿ ತಿಳಿಯುವುದು ಹೆಚ್ಚು.

ಇದಕ್ಕೆ ವ್ಯತಿರಿಕ್ತವಾದ ಶಾಖೆಗಳೂ ಇದ್ದವು. ದಾವಣಗೆರೆ ಕಡೆಯ ಒಂದು ಚಿಕ್ಕ ಶಾಖೆಯಲ್ಲಿ ಇಂಥ ಕಡತಗಳ ಮೊದಲ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳು ಕಾಣುತ್ತಿದ್ದವು: ಈಕೆಯ ಆಧಾರಿನಲ್ಲಿ ತವರಿನ ಹೆಸರಿದೆ, ಖಾತೆಯಲ್ಲಿ ಮದುವೆಯ ನಂತರದ ಹೆಸರಿದೆ, ಗಂಡನ ರೇಷನ್ ಕಾರ್ಡಿನಲ್ಲಿ ಎರಡೂ ತಾಳೆಯಾಗುತ್ತವೆ, ಅದರ ಪ್ರತಿ ಸಾಕು, ಮತ್ತೆ ಅಲೆಸುವುದು ಬೇಡ. ಯಾವ ನಮೂನೆಯಲ್ಲಿಯೂ ಇಂಥ ಟಿಪ್ಪಣಿಗೆ ಜಾಗವಿಲ್ಲ. ತಪಾಸಣಾಧಿಕಾರಿ ಓದಲೆಂದು ಬರೆದದ್ದಾಗಿದ್ದರೆ ಪೆನ್ಸಿಲಿನಲ್ಲಿ ಬರೆಯುತ್ತಿರಲಿಲ್ಲ. ಮಧ್ಯಾಹ್ನದ ಪಾಳಿಯಲ್ಲಿ ಕಡತ ಇನ್ನೊಬ್ಬರ ಕೈಗೆ ಹೋದಾಗ ಆ ಹೆಂಗಸಿಗೆ ಮತ್ತೊಮ್ಮೆ ಅದೇ ಪ್ರಶ್ನೆ ಬಾರದಿರಲಿ ಎಂದು ಬರೆದದ್ದು ಅದು. ಬರೆದ ಗುಮಾಸ್ತೆಯನ್ನು ನಾನು ಮಾತನಾಡಿಸಿದಾಗ ಆಕೆ ಹೆಚ್ಚೇನೂ ಹೇಳಲಿಲ್ಲ. ನನ್ನೊಡನೆ ಎಷ್ಟು ಮಿತವಾಗಿ ಮಾತನಾಡಿದರೋ ಕೌಂಟರಿಗೆ ಬಂದವರೊಡನೆಯೂ ಅಷ್ಟೇ ಮಿತವಾಗಿ ಮಾತನಾಡುತ್ತಿದ್ದರು, ಕೆಲಸ ಮಾತ್ರ ಸಾಗುತ್ತಿತ್ತು.

ಮಿತಭಾಷಿಗಳೂ ಒರಟು ಮಾತಿನವರೂ ಒಳಗೆ ಪ್ರಾಮಾಣಿಕರು, ನಯವಾಗಿ ಮಾತನಾಡುವವರು ಒಳಗೆ ಟೊಳ್ಳು ಎಂಬ ತೀರ್ಮಾನಕ್ಕೆ ಇಲ್ಲಿ ಯಾರಾದರೂ ಬಂದರೆ ಅದು ತಪ್ಪು. ನಮ್ಮ ಕಚೇರಿಗಳಲ್ಲಿ ಈ ನಂಬಿಕೆ ಬಹಳ ಗಟ್ಟಿಯಾಗಿದೆ. "ನಾನು ಕಡ್ಡಿ ಮುರಿದಂತೆ ಮಾತನಾಡುವವನು, ಒಳಗೊಂದು ಹೊರಗೊಂದು ನನ್ನಲ್ಲಿಲ್ಲ" ಎಂದು ತಾವೇ ಹೇಳಿಕೊಳ್ಳುವ ಹಿರಿಯರು ಪ್ರತಿ ವಲಯದಲ್ಲಿಯೂ ಇಬ್ಬರು ಮೂವರು ಇರುತ್ತಾರೆ, ಆ ಹೆಸರಿನ ಬಲದಿಂದಲೇ ಅವರ ವೋಚರುಗಳನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಅಂಥವರೊಬ್ಬರು ನಾನು ಕುಳಿತಿದ್ದಷ್ಟು ಹೊತ್ತೂ ನಗದಿನ ಶಿಸ್ತಿನ ಬಗ್ಗೆ ತಮ್ಮ ಕ್ಯಾಷಿಯರನ್ನು ಎಲ್ಲರೆದುರು ಬೈಯುತ್ತಲೇ ಇದ್ದರು. ಆ ಬೈಗುಳ ಆತನಿಗಲ್ಲ, ನನಗೆ ಎಂಬುದು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಯಿತು. ಮರುದಿನ ಪ್ರಾದೇಶಿಕ ಕಚೇರಿಯಿಂದ ಫೋನ್ ಬಂದಾಗ ಅದೇ ಮನುಷ್ಯರ ದನಿ ಎಷ್ಟು ಮೆತ್ತಗಾಯಿತೆಂದರೆ ಯಾರೊಡನೆ ಮಾತನಾಡುತ್ತಿದ್ದಾರೆಂದು ತಿಳಿಯಲು ಕೇಳಬೇಕಾಗಿರಲಿಲ್ಲ. ಕೆಳಗಿನವರತ್ತ ಮಾತ್ರ ಹರಿಯುವ ನೇರ ಮಾತು ನೇರವಲ್ಲ. ನಯದಷ್ಟೇ ಸುಲಭವಾಗಿ ಒರಟುತನವನ್ನೂ ತೊಟ್ಟುಕೊಳ್ಳಬಹುದು, ಬಹುಶಃ ಅದರ ಮೇಲೆ ಅನುಮಾನ ಇನ್ನೂ ಕಡಿಮೆ. ನಾನು ಕಂಡ ಅತ್ಯಂತ ವಿಶ್ವಾಸಾರ್ಹ ಮ್ಯಾನೇಜರುಗಳಲ್ಲಿ ಒಬ್ಬರು ಅತಿ ವಿನಯದವರು. ನನ್ನನ್ನು ಬಾಗಿಲವರೆಗೆ ಬಂದು ಕರೆದುಕೊಂಡು ಹೋಗುತ್ತಿದ್ದರು, ಅದನ್ನು ಕಂಡು ಮೊದಲಿಗೆ ನನಗೆ ಸಂದೇಹವೇ ಬಂದಿತ್ತು. ಮಧ್ಯಾಹ್ನ ಕುರಿ ಸಾಲದ ಕಂತು ಕಟ್ಟಲು ಬಂದ ಮುದುಕರೊಬ್ಬರನ್ನೂ ಅವರು ಅದೇ ರೀತಿ ಬಾಗಿಲವರೆಗೆ ಕಳುಹಿಸಿ ಬಂದರು. ಅದು ಅವರ ನಡೆಯುವ ರೀತಿ, ಅಷ್ಟೇ.

ಮನುಷ್ಯರನ್ನು ನೋಡಿ ತಿಳಿಯುವುದಕ್ಕೆ ಒಂದು ಮಿತಿಯಿದೆ. ಚೆನ್ನಾಗಿ ಅಭ್ಯಾಸ ಮಾಡಿದ ಸೋಗನ್ನು ಎರಡು ವಾರ ಕುಳಿತು ನೋಡಿದರೂ ಹಿಡಿಯಲಾಗದು. ಆದ್ದರಿಂದಲೇ ಬ್ಯಾಂಕುಗಳು ಮುಖ ಓದುವ ಜಾಣತನವನ್ನು ನೆಚ್ಚಿಕೊಳ್ಳದೆ ಒಂದು ಸರಳ ಉಪಾಯ ಮಾಡಿವೆ: ಕೆಲಸದಲ್ಲಿ ಕುಳಿತವನನ್ನು ಕೆಲವು ದಿನ ಆ ಜಾಗದಿಂದ ಎಬ್ಬಿಸುವುದು. ಸೂಕ್ಷ್ಮವೆಂದು ಗುರುತಿಸಿದ ಹುದ್ದೆಗಳಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆಯಿಲ್ಲದೆ, ಒಂದೇ ಸಲಕ್ಕೆ ಕನಿಷ್ಠ 10 ಕೆಲಸದ ದಿನಗಳ ರಜೆಯ ಮೇಲೆ ಕಳುಹಿಸಬೇಕು, ಆ ಅವಧಿಯಲ್ಲಿ ಕಚೇರಿಯ ಇಮೇಲ್ ಬಿಟ್ಟು ಕೆಲಸಕ್ಕೆ ಸಂಬಂಧಿಸಿದ ಯಾವುದೂ ಅವರ ಕೈಗೆ ಸಿಗಬಾರದು ಎಂದು ರಿಸರ್ವ್ ಬ್ಯಾಂಕ್ 2021ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಹೇಳುತ್ತದೆ. ಇದರ ಹಿಂದಿನ ತರ್ಕ ಇಷ್ಟು: ಸುಳ್ಳು ಲೆಕ್ಕವನ್ನು ಒಮ್ಮೆ ಬರೆದರೆ ಮುಗಿಯುವುದಿಲ್ಲ, ಅದನ್ನು ದಿನವೂ ಕಾಯಬೇಕು. ಈ ಖಾತೆಯ ಕೊರತೆಯನ್ನು ಆ ಖಾತೆಯಿಂದ ತುಂಬಬೇಕು, ಕೇಳಲು ಬಂದವರನ್ನು ತಾನೇ ಮಾತನಾಡಿಸಿ ಕಳುಹಿಸಬೇಕು, ಹೊರಗಿನಿಂದ ಬಂದ ಪತ್ರವನ್ನು ತಾನೇ ಮೊದಲು ಒಡೆಯಬೇಕು. ಸರಿಯಾದ ಲೆಕ್ಕಕ್ಕೆ ಇಂಥ ಕಾವಲುಗಾರ ಬೇಕಾಗಿಲ್ಲ; ಬರೆದವನು ತಿರುಪತಿಗೆ ಹೋದರೂ ಅದು ಇದ್ದ ಹಾಗೆಯೇ ಇರುತ್ತದೆ.

ಮುಂಬೈಯ ಬ್ರಾಡಿ ಹೌಸ್ ಶಾಖೆಯಲ್ಲಿ ನಡೆದದ್ದು ಇದಕ್ಕೆ ಎಲ್ಲರಿಗೂ ತಿಳಿದ ಉದಾಹರಣೆ. ಪಂಜಾಬ್ ನ್ಯಾಷನಲ್ ಬ್ಯಾಂಕ್ 2018ರ ಫೆಬ್ರುವರಿಯಲ್ಲಿ ಸುಮಾರು 11,400 ಕೋಟಿ ರೂಪಾಯಿಗಳ ವಂಚನೆಯನ್ನು ಬಹಿರಂಗಪಡಿಸಿತು. ಮೊತ್ತ ನಂತರ ಇನ್ನೂ ಏರಿತು. ಅಲ್ಲಿಯ ಅಧಿಕಾರಿಯೊಬ್ಬರು ವರ್ಗಾವಣೆಯ ನಿಯಮ ಮೀರಿ ವರ್ಷಗಳ ಕಾಲ ಒಂದೇ ಸ್ಥಾನದಲ್ಲಿದ್ದರು. ಕೆಲವು ಗ್ರಾಹಕ ಸಂಸ್ಥೆಗಳು ವಿದೇಶಿ ವಿನಿಮಯದಲ್ಲಿ ಪಡೆಯುವ ಸಾಲಕ್ಕೆ ಬ್ಯಾಂಕು ಹೊಣೆ ನಿಲ್ಲುವ ಖಾತರಿ ಪತ್ರಗಳ ಸಂದೇಶಗಳು, ಬ್ಯಾಂಕುಗಳು ದೇಶದಿಂದ ದೇಶಕ್ಕೆ ಸಂದೇಶ ಕಳುಹಿಸುವ ಸ್ವಿಫ್ಟ್ ವ್ಯವಸ್ಥೆಯಲ್ಲಿ ಹೊರಗೆ ಹೋಗುತ್ತಿದ್ದವು, ಶಾಖೆಯ ಕೋರ್ ಬ್ಯಾಂಕಿಂಗ್ ಲೆಕ್ಕದಲ್ಲಿ ಅವುಗಳ ನಮೂದೇ ಇರುತ್ತಿರಲಿಲ್ಲ. ಅದೆಲ್ಲ ಹೊರಬಿದ್ದದ್ದು ಯಾವ ಚತುರ ಪತ್ತೇದಾರಿಕೆಯಿಂದಲೂ ಅಲ್ಲ. ಆ ಅಧಿಕಾರಿ 2017ರಲ್ಲಿ ನಿವೃತ್ತರಾದರು. 2018ರ ಜನವರಿಯಲ್ಲಿ ಅದೇ ಗ್ರಾಹಕ ಸಂಸ್ಥೆಗಳು ಹೊಸ ಖಾತರಿ ಪತ್ರ ಕೇಳಲು ಬಂದಾಗ ಹೊಸದಾಗಿ ಕುಳಿತಿದ್ದವರು ನಿಯಮದಂತೆ ಪೂರ್ತಿ ಹಣ ಮುಂಗಡವಾಗಿ ಇಡಲು ಹೇಳಿದರು. ಹಿಂದೆಂದೂ ಹಾಗೆ ಇಟ್ಟಿರಲಿಲ್ಲವೆಂಬ ಉತ್ತರ ಬಂತು. ಹಿಂದಿನದನ್ನು ಹುಡುಕಿದರೆ ದಾಖಲೆಯಲ್ಲಿ ಏನೂ ಇರಲಿಲ್ಲ. 2008ರ ಜನವರಿಯಲ್ಲಿ ಫ್ರಾನ್ಸಿನ ಸೊಸಿಯೆತೆ ಜನೆರಾಲ್ ಬ್ಯಾಂಕಿಗೆ 490 ಕೋಟಿ ಯೂರೋ ನಷ್ಟ ಮಾಡಿದ ಷೇರು ವ್ಯವಹಾರದ ನೌಕರನೂ ಅದರ ಹಿಂದಿನ ವರ್ಷ ರಜೆಯನ್ನು ಬಹುತೇಕ ತೆಗೆದುಕೊಂಡಿರಲಿಲ್ಲ. ಇವರನ್ನೆಲ್ಲ ಆಯಾ ಕಚೇರಿಗಳು ಕೆಲಸದಲ್ಲಿ ಮುಳುಗಿದವರೆಂದೇ ತಿಳಿದಿದ್ದವು.

ಇಷ್ಟು ದೊಡ್ಡ ಮೊತ್ತಗಳಿಗೇ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯವರು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಪಿಗ್ಮಿ ಠೇವಣಿಯನ್ನೇ ತೆಗೆದುಕೊಳ್ಳಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಇದನ್ನು ಆರಂಭಿಸಿದಾಗ ದಿನಕ್ಕೆ ಎರಡಾಣೆ ಉಳಿಸಬಲ್ಲವರ ಮನೆ ಬಾಗಿಲಿಗೆ ಏಜೆಂಟನೇ ಹೋಗುತ್ತಿದ್ದ. ಏಜೆಂಟ್ ಎಂಬ ಒಬ್ಬ ಮನುಷ್ಯನ ಮುಖವೇ ಅಲ್ಲಿ ಬ್ಯಾಂಕು. ಹೂ ಮಾರುವವಳೂ ಚಹಾ ಅಂಗಡಿಯವನೂ ನಂಬುವುದು ಆ ಮುಖವನ್ನು. ಅಂಥ ಏಜೆಂಟರಲ್ಲಿ ಬಹುಪಾಲು ಜನ ಜೀವಮಾನವಿಡೀ ಒಂದು ರೂಪಾಯಿ ಆಚೀಚೆ ಮಾಡದವರು ಎಂಬುದನ್ನು ಲೆಕ್ಕ ನೋಡಿದವನಾಗಿ ನಾನು ಹೇಳಬಲ್ಲೆ. ತಪ್ಪಿದ ಕೆಲವರ ವಿಷಯ ಗೊತ್ತಾದದ್ದು ಹೆಚ್ಚಾಗಿ ಅವರಿಗೆ ಜ್ವರ ಬಂದಾಗ, ಸಂಗ್ರಹಕ್ಕೆ ಬೇರೊಬ್ಬರು ಹೋದಾಗ, ಅಂಗಡಿಯವನ ಕಾರ್ಡಿನಲ್ಲಿರುವ ಮೊತ್ತವೂ ಶಾಖೆಯ ಲೆಕ್ಕದ ಮೊತ್ತವೂ ಬೇರೆಬೇರೆಯಾಗಿ ಕಂಡಾಗ. ಬಜಾರಿನಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ಬಾಕಿ ತಾಳೆ ನೋಡುವುದನ್ನು ನಾನು ಕೊನೆಯವರೆಗೂ ಬಿಡಲಿಲ್ಲ. ಹಾಗೆ ಹೋದಾಗ ಒಬ್ಬ ಏಜೆಂಟ್ ತಾವೂ ಜೊತೆಗೆ ಬರುತ್ತೇನೆಂದು ಬಹಳ ಒತ್ತಾಯ ಮಾಡಿದರು, ಬಿಸಿಲು ಜೋರಾಗಿದೆ ಎಂದು ಆಟೋ ಕೂಡ ತರಿಸಿದರು. ಇನ್ನೊಬ್ಬರು, ಅದು ಬೇರೆ ಊರು, ಗ್ರಾಹಕರ ಪಟ್ಟಿಯನ್ನು ಕೈಗಿಟ್ಟು ಮಾರುಕಟ್ಟೆಯ ದಾರಿ ತೋರಿಸಿ ತಮ್ಮ ಸಂಗ್ರಹಕ್ಕೆ ತಾವು ಹೊರಟರು. ಎರಡೂ ವರ್ತನೆಗಳು ಸಹಜವೇ ಇರಬಹುದು, ಆಟೋ ತರಿಸಿದವರನ್ನು ಅದೊಂದೇ ಕಾರಣಕ್ಕೆ ಸಂದೇಹಿಸುವುದು ಅನ್ಯಾಯ. ಆದರೆ ಯಾರ ಪಟ್ಟಿಯಿಂದ ಹೆಚ್ಚು ಅಂಗಡಿಗಳನ್ನು ಆರಿಸಿಕೊಳ್ಳಬೇಕೆಂದು ನಿರ್ಧರಿಸಲು ನನಗೆ ಅಷ್ಟು ಸಾಕಾಯಿತು.

ಇದರಿಂದ ರಜೆ ತೆಗೆದುಕೊಳ್ಳದವರೆಲ್ಲ ಏನನ್ನೋ ಮುಚ್ಚಿಡುತ್ತಿದ್ದಾರೆಂದು ತಿಳಿಯಬಾರದು. ನಮ್ಮ ಶಾಖೆಗಳಲ್ಲಿ ರಜೆ ಸಿಗದಿರಲು ಸಾಮಾನ್ಯ ಕಾರಣ ಸಿಬ್ಬಂದಿಯ ಕೊರತೆ; ಇನ್ನು ಕೆಲವರು ನಿವೃತ್ತಿಯ ಕಾಲಕ್ಕೆ ಹಣವಾಗಲೆಂದು ಕೂಡಿಡುತ್ತಾರೆ. ನಾನು ನೋಡುತ್ತಿದ್ದುದು ರಜೆಯ ಎಣಿಕೆಯನ್ನಲ್ಲ, ಒಬ್ಬನ ಕೆಲಸವನ್ನು ಇನ್ನೊಬ್ಬನಿಗೆ ಒಪ್ಪಿಸಲು ಹೇಳಿದಾಗ ಆತ ಏನು ಮಾಡುತ್ತಾನೆ ಎಂಬುದನ್ನು. ಪ್ರಾಮಾಣಿಕನಿಗೂ ಬೇಸರವಾಗಬಹುದು, ಹೊಸಬ ತನ್ನ ಅಚ್ಚುಕಟ್ಟನ್ನು ಕೆಡಿಸುತ್ತಾನೆಂದು ಗೊಣಗಬಹುದು, ಆದರೆ ಗೊಣಗುತ್ತಲೇ ಎಲ್ಲವನ್ನೂ ಹೇಳಿಕೊಡುತ್ತಾನೆ. ಕಾಯಬೇಕಾದ್ದು ಇರುವವನು ನಗುನಗುತ್ತಾ ಒಪ್ಪಿ, ಒಂದೊಂದೇ ತಡೆ ಹುಡುಕುತ್ತಾನೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ಕೊರತೆಯಿದೆ, ಅದು ನನ್ನ ವೃತ್ತಿಯದೇ ಕೊರತೆ. ಗುಣದ ದೊಡ್ಡ ಭಾಗ ಇರುವುದು ಮಾಡದೆ ಬಿಟ್ಟದ್ದರಲ್ಲಿ, ಮಾಡದೆ ಬಿಟ್ಟದ್ದಕ್ಕೆ ವೋಚರ್ ಇರುವುದಿಲ್ಲ. ಚಿನ್ನದ ಸಾಲದ ವಿಭಾಗದಲ್ಲಿ ಇದು ನನಗೆ ಹೆಚ್ಚು ಸ್ಪಷ್ಟವಾಯಿತು. ಆಭರಣ ಪರೀಕ್ಷಿಸುವ ಅಪ್ರೈಸರ್ ಬ್ಯಾಂಕಿನ ನೌಕರನಲ್ಲ, ಹೆಚ್ಚಾಗಿ ಊರಿನದೇ ಅಕ್ಕಸಾಲಿಗ. ಒಂದೊಂದು ಸಾಲಕ್ಕೆ ಇಷ್ಟೆಂದು ಅವನಿಗೆ ಸಂಭಾವನೆ. ಸಾಲ ಆಗದಿದ್ದರೆ ಅದೂ ಇಲ್ಲ. ಒರೆಗಲ್ಲಿನ ಮೇಲೆ ಉಜ್ಜಿ ಆಸಿಡ್ ಹನಿ ಬಿಟ್ಟು ನೋಡುವ ಪರೀಕ್ಷೆ ಮೇಲ್ಪದರವನ್ನಷ್ಟೇ ಹೇಳುತ್ತದೆ, ದಪ್ಪ ಲೇಪನದ ಬಳೆ ಅದರಲ್ಲಿ ಸಲೀಸಾಗಿ ಪಾರಾಗುತ್ತದೆ. ಅನುಮಾನ ಬಂದರೆ ಅರದಿಂದ ಆಳಕ್ಕೆ ಉಜ್ಜಬೇಕು, ಹಾಗೆ ಉಜ್ಜಿದರೆ ತಂದವನ ಮುಖ ಕೆಂಪಾಗುತ್ತದೆ, ಆತ ಮ್ಯಾನೇಜರರ ಪರಿಚಯದವನಾಗಿದ್ದರೆ ಇನ್ನೂ ಕಷ್ಟ. ತಪಾಸಣೆಯಲ್ಲಿ ನಾವು ಬೇರೆ ಶಾಖೆಯ ಅಪ್ರೈಸರನ್ನು ಕರೆತಂದು ಕೆಲವು ಚೀಲಗಳನ್ನು ಆರಿಸಿ ಮತ್ತೆ ಪರೀಕ್ಷೆ ಮಾಡಿಸುತ್ತೇವೆ. ಅದರಿಂದ ಒಳಗೆ ಬಂದ ನಕಲಿ ಚಿನ್ನ ಸಿಗುತ್ತದೆ. ಬಾಗಿಲಲ್ಲಿಯೇ ತಿರಸ್ಕರಿಸಿದ ನಕಲಿ ಚಿನ್ನ ಎಲ್ಲಿ ಸಿಗಬೇಕು? ಹಾವೇರಿ ಕಡೆ ಒಬ್ಬ ಅಪ್ರೈಸರ್ ತಾನು ಬೇಡವೆಂದ ಒಡವೆಗಳ ವಿವರವನ್ನು ಒಂದು ಶಾಲಾ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ. ಅದೇ ಒಡವೆ ಇನ್ನೊಂದು ದಿನ ಬೇರೆಯವರ ಕೈಯಲ್ಲಿ ಬಂದರೆ ಗುರುತು ಸಿಗಲೆಂದು. ಅದನ್ನು ನಾನು ನೋಡಿದ್ದು ಆಕಸ್ಮಿಕವಾಗಿ, ತೂಕದ ಯಂತ್ರದ ಪ್ರಮಾಣಪತ್ರ ಹುಡುಕುತ್ತಿದ್ದಾಗ. ಆ ಪುಟಗಳಲ್ಲಿದ್ದ ಒಂದೊಂದು ಸಾಲಿನಲ್ಲಿಯೂ ಆತ ತನ್ನ ಸಂಭಾವನೆಯನ್ನು ಬಿಟ್ಟುಕೊಟ್ಟಿದ್ದ, ಯಾರೊಡನೆಯೋ ಮನಸ್ತಾಪ ಕಟ್ಟಿಕೊಂಡಿದ್ದ.

ತಪಾಸಣಾಧಿಕಾರಿಯದೂ ಒಂದು ವೇಷವೇ, ಅದನ್ನು ಹೇಳದೆ ಬಿಟ್ಟರೆ ಈ ಬರಹ ಏಕಪಕ್ಷೀಯವಾಗುತ್ತದೆ. ಮುಖದ ಮೇಲೆ ಗಾಂಭೀರ್ಯ, ಕಡಿಮೆ ಮಾತು, ಚಹಾ ಬೇಡವೆನ್ನುವ ಬಿಗುವು ಇವೆಲ್ಲ ಹುದ್ದೆಯ ಜೊತೆಗೆ ಬರುತ್ತವೆ. ಶಾಖೆಯ ಖರ್ಚಿನಲ್ಲಿ ಊಟ ಮಾಡುವುದಿಲ್ಲವೆಂದು ಎಲ್ಲರೆದುರು ಡಬ್ಬಿ ಬಿಚ್ಚಿ, ಸಂಜೆ ವಸತಿಗೃಹದ ಬಿಲ್ಲನ್ನು ಶಾಖೆಯ ಮೂಲಕ ಚುಕ್ತಾ ಮಾಡಿಸಿಕೊಂಡವರ ಕಥೆಗಳು ಸಿಬ್ಬಂದಿಯ ಬಾಯಲ್ಲಿ ಓಡಾಡುತ್ತಿರುತ್ತವೆ. ನಾವು ಅವರನ್ನು ನೋಡುವುದಕ್ಕಿಂತ ಸೂಕ್ಷ್ಮವಾಗಿ ಅವರು ನಮ್ಮನ್ನು ನೋಡುತ್ತಾರೆ. ನಾನು ಚಹಾ ಕುಡಿಯುತ್ತಿದ್ದೆ, ಏಕೆಂದರೆ ಉತ್ತರ ಕರ್ನಾಟಕದಲ್ಲಿ ಚಹಾ ಬೇಡವೆನ್ನುವುದು ಜಗಳದ ಆರಂಭದಂತೆ ಕೇಳಿಸುತ್ತದೆ. ಹೊರಡುವ ದಿನ ಕೊಡುವ ಪೇಡೆ, ಕುಂದಾಗಳ ಪೊಟ್ಟಣವನ್ನು ಮಾತ್ರ ಅಲ್ಲಿಯೇ ಒಡೆಸಿ, ಕಾವಲುಗಾರನಿಂದ ಹಿಡಿದು ಸಾಲಿನಲ್ಲಿದ್ದವರವರೆಗೆ ಹಂಚಿಸಿ, ನಾನೂ ಒಂದು ತಿನ್ನುತ್ತಿದ್ದೆ. ಇದನ್ನೂ ಪ್ರದರ್ಶನವೆನ್ನಬಹುದು. ಕೆಲವು ಸಿಬ್ಬಂದಿ ಹಾಗೆಂದಿರಲೂಬಹುದು.

ನಮ್ಮ ವರದಿಯ ನಮೂನೆ 2002ರ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ಅಪಾಯಾಧಾರಿತ ಆಂತರಿಕ ತಪಾಸಣೆಯ ಮಾರ್ಗಸೂಚಿ ಹೊರಡಿಸಿದ ನಂತರ ಕ್ರಮೇಣ ಬದಲಾಯಿತು. ಈಗ ಶಾಖೆಗೆ ಕಡಿಮೆ, ಮಧ್ಯಮ ಅಥವಾ ಹೆಚ್ಚಿನ ಅಪಾಯ ಎಂಬ ದರ್ಜೆ ಸಿಗುತ್ತದೆ. ಲೋಪಗಳಿಗೆ ಅಂಕಣಗಳಿವೆ, ಲೋಪ ಸರಿಪಡಿಸಿದ ತಾರೀಖಿಗೂ ಅಂಕಣವಿದೆ. ಪೆನ್ಸಿಲಿನ ಟಿಪ್ಪಣಿಗೂ ಅಪ್ರೈಸರನ ನೋಟ್‌ಬುಕ್ಕಿಗೂ ಅಂಕಣವಿಲ್ಲ, ಇರಬೇಕೆಂದೂ ನಾನು ವಾದಿಸಲಾರೆ. ಒಮ್ಮೆ ಅಂಕಣ ಬಂತೆಂದರೆ ಮುಂದಿನ ವರ್ಷದಿಂದ ಎಲ್ಲ ಶಾಖೆಗಳಲ್ಲಿಯೂ ಪೆನ್ಸಿಲ್ ಟಿಪ್ಪಣಿಗಳು ಒಂದೇ ಅಕ್ಷರದಲ್ಲಿ ಸಿದ್ಧವಾಗಿರುತ್ತವೆ, ತಿರಸ್ಕರಿಸಿದ ಒಡವೆಗಳ ನೋಟ್‌ಬುಕ್ಕು ರಬ್ಬರ್ ಮುದ್ರೆಯೊಂದಿಗೆ ಕಪಾಟಿನಲ್ಲಿರುತ್ತದೆ. ಹಾಗಾಗಿ ಇಂಥವುಗಳನ್ನು ನಾನು ವರದಿಯಲ್ಲಿ ಸೇರಿಸದೆ, ಪ್ರಾದೇಶಿಕ ಮುಖ್ಯಸ್ಥರಿಗೆ ಪ್ರತ್ಯೇಕ ಪತ್ರದಲ್ಲಿ ಹೆಸರು ಹೇಳಿ ಬರೆಯುತ್ತಿದ್ದೆ. ಶಾಖೆಗೆ ಅದರ ಪ್ರತಿ ಕಳುಹಿಸುತ್ತಿರಲಿಲ್ಲ. ಕೆಲವು ಮುಖ್ಯಸ್ಥರು ಓದಿ ಫೋನ್ ಮಾಡಿ ಇನ್ನಷ್ಟು ವಿಚಾರಿಸುತ್ತಿದ್ದರು, ಕೆಲವರು ಕಡತಕ್ಕೆ ಸೇರಿಸಿ ಸುಮ್ಮನಾಗುತ್ತಿದ್ದರು. ದಾವಣಗೆರೆ ಕಡೆಯ ಆ ಗುಮಾಸ್ತೆಗೆ ಎರಡು ವರ್ಷಗಳ ನಂತರ ಅಧಿಕಾರಿಯಾಗಿ ಬಡ್ತಿ ಸಿಕ್ಕಿತೆಂದು ಕೇಳಿದೆ. ಪರೀಕ್ಷೆ ಬರೆದು ಪಡೆದದ್ದು, ನನ್ನ ಪತ್ರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.